ಬೆಳಕು ತಿರುಗಿಸಿದ ಕಾಗೆಬಂಗಾರ

ಫಿಸಿಕ್ಸ್ ಮೇಷ್ಟ್ರ ಬಾಯಿಂದ ಒಂದು ಹೊಸ ವಿಷಯ ಹೊರಬಿದ್ದರೆ ಸಾಕು, ಅದು ಕ್ಲಾಸು, ಅಡುಗೆಮನೆ, ಜಗಲಿ ಎಲ್ಲ ಸುತ್ತಿಕೊಂಡು ಮೇಷ್ಟ್ರನ್ನೇ ಹುಡುಕಿಕೊಂಡು ಬರುತ್ತೆ. ನನಗಂತೂ ತಪ್ಪಿದ್ದೇ ಇಲ್ಲ.

ಗಾಳಿ ಯಾರಿಗೆ?

ಆಗ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಒಂದು ದಿನ ಹುರುಪಿನಲ್ಲಿ ಹೇಳಿದೆ: "ಬೆಳಕು ಬರೀ ತಳ್ಳೋದಲ್ಲ, ಅದಕ್ಕೆ ತನ್ನದೇ ಒಂದು ಗಿರಕಿ ಇದೆ. ವಸ್ತುವಿಗೆ ತಾಗಿದರೆ ಅದನ್ನೂ ತಿರುಗಿಸುತ್ತೆ."

ಕರೆಂಟಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಬೆವರು ಒರೆಸಿಕೊಳ್ಳುತ್ತಾ ಕೇಳಿದಳು, "ಸಾರ್, ಇಷ್ಟು ಬೆಳಕಿದೆಯಲ್ಲ, ಫ್ಯಾನ್ ಯಾಕೆ ತಿರುಗ್ತಿಲ್ಲ?"

"ಅದರ ಬಲ ಬಹಳ ಕಮ್ಮಿ ಕಣಮ್ಮ. ಫ್ಯಾನು ಕಣ್ಣಿಗೆ ಕಾಣದಷ್ಟು ಚಿಕ್ಕದಿದ್ರೆ ತಿರುಗುತ್ತೆ."

"ಆಗ ಗಾಳಿ ಯಾರಿಗೆ ಸಾರ್?"

ಇಸ್ತ್ರಿ

ಮಾತಲ್ಲಿ ಸೋತವನು ಮಾಡಿ ತೋರಿಸೋಣ ಅಂತ ಹೊರಟೆ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಇಸ್ತ್ರಿಪೆಟ್ಟಿಗೆ ಬಿಚ್ಚಿ, ಒಳಗಿದ್ದ ಕಾಗೆಬಂಗಾರದ, ಅಂದರೆ ಮೈಕಾದ, ತೆಳು ಚೂರೊಂದನ್ನು ರೇಷ್ಮೆ ಎಳೆಗೆ ಕಟ್ಟಿ, ಗಾಜಿನ ಭರಣಿಯ ಬಾಯೊಳಗೆ ಸಿಕ್ಕಿಸಿದ ಕಡ್ಡಿಯಿಂದ ಇಳಿಬಿಟ್ಟು, ಗಾಳಿಯಾಡದಂತೆ ಮುಚ್ಚಳ ಹಾಕಿದೆ. ಬೆಳಕಿನ ಅಲೆಗಳನ್ನು ಒಂದೇ ದಿಕ್ಕಿಗೆ ತರುವ ಪೋಲರಾಯ್ಡ್ ಹಾಳೆ ಅಂಟಿಸಿದ ಟಾರ್ಚನ್ನು ಅದರ ಕೆಳಗಿಟ್ಟೆ.

ಬೆಳಿಗ್ಗೆ ಹೆಂಡತಿ ಕೇಳಿದಳು, "ಇಸ್ತ್ರಿಪೆಟ್ಟಿಗೆ ಎಲ್ಲಿ?"

"ಬೆಳಕು ಈ ಚೂರನ್ನ ತಿರುಗಿಸುತ್ತಾ ನೋಡ್ತಿದ್ದೀನಿ."

ಅವಳು ನನ್ನ ಮುದುಡಿದ ಷರಟನ್ನು ಕೈಗಿಟ್ಟಳು. "ಹಾಗೇ ಇದಕ್ಕೆ ಇಸ್ತ್ರಿ ಹಾಕೋಕೂ ಅದಕ್ಕೇ ಹೇಳಿ."

ಅಪ್ಪ ನೋಡಿದ್ದು

ಅಪ್ಪ ಕಬ್ಬಿಣದ ಕಾರ್ಖಾನೆಯಿಂದ ರಿಟೈರಾದವರು. ಅಮ್ಮ ಹೋದ ಮೇಲೆ ಅವರ ಮಾತು "ಹೂಂ", "ಬೇಡ"ಕ್ಕೆ ಇಳಿದಿತ್ತು. ನಗು ಅಂತೂ ಮರೆತೇ ಹೋಗಿತ್ತು. ಆ ಭರಣಿಯ ಮುಂದೆ ಮಾತ್ರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ದಿನಾ ಸಂಜೆ ಟಾರ್ಚ್ ಹಾಕುತ್ತಿದ್ದೆ. ಚೂರು ಅಲ್ಲಾಡುತ್ತಿರಲಿಲ್ಲ. ಇದಕ್ಕೆ ಗಾಳಿಯೇ ಇಲ್ಲದ ಪಾತ್ರೆ ಬೇಕು, ಕೂದಲಿಗಿಂತ ಸಣ್ಣ ಎಳೆ ಬೇಕು ಅಂತ ಗೊತ್ತಿದ್ದೂ ಆಸೆ ಬಿಡುತ್ತಿರಲಿಲ್ಲ.

ಒಂದು ಸಂಜೆ ಬಸ್ಸಿಳಿದು ಮನೆಗೆ ಬರುತ್ತೇನೆ, ಚೂರು ಗರಗರ ತಿರುಗುತ್ತಿದೆ!

"ಬಾರೇ ಇಲ್ಲಿ! ತಿರುಗ್ತು!" ಕೂಗಿಕೊಂಡೆ.

ಹೆಂಡತಿ ಬಂದು ಬಗ್ಗಿ ನೋಡಿದಳು. "ಟಾರ್ಚೇ ಹಾಕಿಲ್ವಲ್ಲ!"

ಇಬ್ಬರೂ ಅಪ್ಪನ ಕಡೆ ತಿರುಗಿದೆವು. ಭರಣಿಯ ಮುಚ್ಚಳ ಅವರ ಕೈಯಲ್ಲೇ ಇತ್ತು.

"ನೀನು ದಿನಾ ಸಪ್ಪೆ ಮೋರೆ ಹಾಕ್ಕೊಂಡು ಕೂರ್ತಿದ್ದೆ," ಅಂದರು ಮೆಲ್ಲಗೆ. "ನೋಡಕ್ಕಾಗ್ಲಿಲ್ಲ. ನೀನು ಗೇಟು ತೆಗೆದಿದ್ದು ಕೇಳಿಸ್ತು, ಒಂಚೂರು ಊದಿದೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ, ನನಗೂ. ನೋಡುತ್ತಾ ನೋಡುತ್ತಾ ಅಪ್ಪನೂ ನಕ್ಕರು, ಕೆಮ್ಮು ಬರುವಷ್ಟು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಕಣ್ಣೊರೆಸಿಕೊಂಡೆ.

ಉಸಿರು ಸುಧಾರಿಸಿಕೊಂಡು ಅಪ್ಪ ಅಂದರು, "ಕಾಲೇಜಲ್ಲಿ ಹೇಳ್ಬೇಡ ಮಾರಾಯ. ಬೆಳಕಿಗೆ ಬೇಜಾರಾಗುತ್ತೆ."