ಮೇಸ್ತ್ರಿಯ ಕಬ್ಬಿಣದ ಪೆಟ್ಟಿಗೆ

ವೆಲ್ಡಿಂಗ್ ಮೇಸ್ತ್ರಿ ತನ್ನ ಬಾಯಿಂದಲೇ ಕೆಟ್ಟ. ಪೈನ್ ಕಾಡಿನ ಉದ್ಯಾನದಲ್ಲಿ ಕರಡಿಯ ಬಾಯಿಗೆ ಬೀಳದಂತೆ ಪ್ರವಾಸಿಗರು ಬುತ್ತಿ ಇಡುವ ಕಬ್ಬಿಣದ ಪೆಟ್ಟಿಗೆಗಳನ್ನೆಲ್ಲ ಮಾಡಿಕೊಟ್ಟವನು ಅವನೇ. ಊರಿಡೀ ಅದನ್ನೇ ಕೊಚ್ಚಿಕೊಂಡಿದ್ದ. ಕಾಡಿಗೆ ಮಾತ್ರ ಕಾಲಿಟ್ಟವನಲ್ಲ. ಹಲ್ಲಿ ಲೊಚಗುಟ್ಟಿದರೆ ಮಂಚ ಹತ್ತುವ ಜೀವ ಅದು.

"ಪೆಟ್ಟಿಗೆ ಅಷ್ಟು ಗಟ್ಟಿ, ಎದೆ ಯಾಕ್ ಭಾವ ಇಷ್ಟು ತೆಳು?" ಎಂದು ಹೆಂಡತಿಯ ತಮ್ಮ ಚುಚ್ಚೀ ಚುಚ್ಚೀ ಕೊನೆಗೂ ಗಂಡ ಹೆಂಡತಿಯನ್ನು ಹೊರಡಿಸಿದ್ದ.

ಗೇಟಿನಲ್ಲಿ ಗಾರ್ಡು ತಡೆದ. "ಮೇಸ್ತ್ರಿ, ನಿಮ್ಮ ಚಿಲಕದ ವಿಷ್ಯ ಒಂದ್ ಮಾತು..."

"ಗೊತ್ತು ಬಿಡಪ್ಪ. ತಗಡಿನ ಮರೆಯೊಳಗೆ ಕೈ ತೂರಿಸ್ಬೇಕು, ಒಳಗಿರೋ ಕಬ್ಬಿಣದ ನಾಲಗೆ ಒತ್ತಬೇಕು, ಒತ್ತಿಕೊಂಡೇ ಎತ್ತಬೇಕು. ಕರಡಿ ತಲೆಕೆಳಗಾಗಿ ನಿಂತ್ರೂ ಆಗಲ್ಲ."

"ಅದಲ್ಲ, ನಾನು ಹೇಳೋದು..."

"ಹೊಗಳೋದೆಲ್ಲ ಆಮೇಲೆ" ಎಂದು ಮೇಸ್ತ್ರಿ ನಡೆದೇಬಿಟ್ಟ.

ಭಾವಮೈದ ಚಿಲಕದೊಂದಿಗೆ ಗುದ್ದಾಡಿ ಬೆರಳು ಜಜ್ಜಿಕೊಂಡ. ಮೇಸ್ತ್ರಿಯೇ ಗತ್ತಿನಿಂದ ತೆಗೆದು ಬ್ರೆಡ್ಡು ಜಾಮಿನ ಬುತ್ತಿ ಇಡಿಸಿದ. ಅಕ್ಕ ತಮ್ಮ ಕೆರೆಗೆ ದೋಣಿ ಹತ್ತಲು ಹೊರಟರು.

"ಒಬ್ರೇ ಇರ್ತೀರೇನ್ರೀ?" ಎಂದಳು ಹೆಂಡತಿ.

"ನಂಗೇನು ಧಾಡಿ? ಹೋಗು."

ಅವರ ಮಾತು ಕೇಳಿಸದಾದ ಕೂಡಲೇ ಕಾಡು ನಾಲ್ಕು ಹೆಜ್ಜೆ ಹತ್ತಿರ ಸರಿದಂತಾಯಿತು. ನೆಲದ ತುಂಬ ಒಣಗಿದ ಸೂಜಿಯೆಲೆ, ಹಾಸಿಗೆಯ ಹಾಗೆ. ಅದರ ಮೇಲೆ ಏನು ನಡೆದು ಬಂದರೂ ಸದ್ದಾಗದು, ಬಂದ ಮೇಲೆಯೇ ತಿಳಿಯುವುದು. ಪಕ್ಕದಲ್ಲಿ ಒಂದು ಪೈನ್ ಕಾಯಿ ಟಪ್ಪನೆ ಬಿತ್ತು. ಮೇಸ್ತ್ರಿ ಪೆಟ್ಟಿಗೆಗೆ ಬೆನ್ನು ಹಚ್ಚಿ ನಿಂತ. ಆಮೇಲೆ ಪೊದೆ ಅಲುಗಿತು. ಪೊದೆಯ ಹಿಂದೆ ಕಪ್ಪಗಿನದೇನೋ ಬುಸ್ಸೆಂದು ಉಸಿರುಬಿಟ್ಟಿತು.

ಓಡೋಣವೆಂದರೆ ಕಾಲು ಕೇಳಲಿಲ್ಲ. ಕೈ ಮಾತ್ರ ಕಸುಬು ಮರೆತಿರಲಿಲ್ಲ. ಚಿಲಕ ತೆಗೆದು, ಬುತ್ತಿಯನ್ನೆಲ್ಲ ಹೊರಗೆಸೆದು, ಹಳೇ ಛತ್ರಿಯಂತೆ ಮಡಚಿಕೊಂಡು ಒಳಗೆ ತೂರಿ ಬಾಗಿಲು ಎಳೆದುಕೊಂಡ. ಟಕ್.

ಆ ಟಕ್ ಕೇಳಿದ ಮೇಲೆಯೇ ನೆನಪಾದದ್ದು: ಒಳಗಿನಿಂದ ತೆಗೆಯಲು ಅವನು ಏನನ್ನೂ ಇಟ್ಟಿರಲಿಲ್ಲ. ಬ್ರೆಡ್ಡು ಯಾಕೆ ಹೊರಗೆ ಬರಲು ಹೊರಡುತ್ತದೆ ಎಂದುಕೊಂಡಿದ್ದ.

ಹೊರಗೆ ಚೀಲ ಪರ್ರನೆ ಹರಿಯಿತು. ಅಗಿಯುವ ಸದ್ದು. ನೆಕ್ಕುವ ಸದ್ದು. ಕತ್ತಲಲ್ಲಿ ಮೇಸ್ತ್ರಿಯ ಹಲ್ಲು ಕಟಕಟ ಎನ್ನುತ್ತಿದ್ದವು. ಅದು ಕೇಳಿಸೀತೆಂದು ಅಂಗಿಯ ತುದಿಯನ್ನೇ ಕಚ್ಚಿಕೊಂಡ. ಬಹಳ ಹೊತ್ತಿನ ಮೇಲೆ ಎಲ್ಲ ತಣ್ಣಗಾಯಿತು.

ಆಗ ಚಿಲಕದ ಮರೆಯೊಳಗೆ ಕೈಯೊಂದು ತೂರಿತು. ನಾಲಗೆ ಒತ್ತಿತು. ಒತ್ತಿಕೊಂಡೇ ಎತ್ತಿತು. ಒಂದಿಷ್ಟೂ ತಡವರಿಕೆಯಿಲ್ಲ. ಮೇಸ್ತ್ರಿಯ ಕಣ್ಣು ತುಂಬಿ ಬಂತು.

"ಕಲಿತ್ಕೊಂಡ್ಯಲ್ಲೋ, ನನ್ನಪ್ಪ. ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ ಕಣೋ."

ಬಾಗಿಲು ತೆರೆಯಿತು. ಮೂತಿಯ ತುಂಬ ಜಾಮು ಮೆತ್ತಿಕೊಂಡ ಕರಡಿ ತಲೆ ಒಳಗಿಟ್ಟಿತು. ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ಮೂಸಿ, ಇದನ್ನು ಯಾರು ತಿಂದಾರು ಎನ್ನುವಂತೆ ಮುಖದ ಮೇಲೆಯೇ ಸೀನಿ, ತಿರುಗಿ, ಬಾಗಿಲಿಗೆ ಒರಗಿ ಬೆನ್ನು ತುರಿಸಿಕೊಂಡಿತು. ಟಕ್.

ಎಷ್ಟೋ ಹೊತ್ತಿನ ನಂತರ ಭಾವಮೈದನ ಗೋಳಾಟವೂ ಗಾರ್ಡಿನ ಶಾಂತ ದನಿಯೂ ಕೇಳಿಸಿದವು.

"ಅದನ್ನೇ ಮೇಸ್ತ್ರಿ ಹೇಳೋಕ್ ಬಂದಿದ್ದು. ನಿಮ್ ಚಿಲಕ ತೆಗೆಯೋದು ಇಡೀ ಕಾಡಲ್ಲಿ ಅದೊಂದಕ್ಕೇ ಬರೋದು. ನಮಗ್ಯಾರಿಗೂ ಬರಲ್ಲ. ಸ್ವಲ್ಪ ತಡ್ಕೊಳ್ಳಿ, ನೀರು ಕುಡಿಯೋಕೆ ಹೋಗಿದೆ, ಈಗ ಬಂದ್ಬಿಡುತ್ತೆ."