ಸೋರದ ಬಾಗಿಲು

ಕೆಲಸ ನೆಟ್ಟಗೆ ನಡೆಯುತ್ತಿರುವಾಗ ಯಾರ ಸಲಹೆಯನ್ನೂ ಕೇಳಬಾರದು. ಕೇಳದಿದ್ದರೂ ಕೊಡುವವರ ಪಕ್ಕ ಕೂರಲೂಬಾರದು. ಆಫೀಸಿನಲ್ಲಿ ಎಲ್ಲರೂ ‘ಗಡಿಬಿಡಿ’ ಎಂದು ಕರೆಯುತ್ತಿದ್ದ ನಮ್ಮ ಎಂಜಿನಿಯರಿಗೆ ಆ ಭಾಗ್ಯವಿರಲಿಲ್ಲ. ಅವನ ಮೇಜು ಇದ್ದದ್ದೇ ಇಬ್ಬರು ಸಲಹೆಗಾರರ ನಡುವೆ.

ಮೈಕ್ರೋವೇವ್ ಒಲೆಯ ಬಾಗಿಲು ಸೋರುತ್ತದೆಯೋ ಇಲ್ಲವೋ ಎಂದು ಕಂಪ್ಯೂಟರಿನಲ್ಲೇ ಪರೀಕ್ಷಿಸುವುದು ಅವನ ಕೆಲಸ. ಪರದೆಯ ಮೇಲಿನ ಒಲೆಗೆ ಒಂದು ಲೋಹದ ಕೊಳವೆ. ಅದರ ಬಾಯಿಗೆ ಪೋರ್ಟ್ ಎಂದು ಹೆಸರು. ಆ ಪೋರ್ಟನ್ನು ಎಕ್ಸೈಟ್ ಮಾಡಿದರೆ, ಅಂದರೆ ಅಲೆ ಬಿಡು ಎಂದು ಅಪ್ಪಣೆ ಕೊಟ್ಟರೆ, ಅಲೆ ಒಲೆಯೊಳಗೆ ನುಗ್ಗುತ್ತದೆ. ಬಾಗಿಲ ಸಂದಿಯಿಂದ ಎಷ್ಟು ಹೊರಬಿತ್ತು ಎಂಬುದನ್ನು ಗ್ರಾಫು ಹೇಳುತ್ತದೆ. ಆ ಗ್ರಾಫು ಸಂಜೆಯೊಳಗೆ ಕೈಸೇರಿದರೆ ಮಾತ್ರ ರಜೆ ಎಂದು ಮ್ಯಾನೇಜರು ಹೇಳಿದ್ದರು. ಏಳು ಗಂಟೆಯ ರೈಲಿಗೆ ಹೆಂಡತಿ ಮಕ್ಕಳ ಜೊತೆ ಸಮುದ್ರ ನೋಡಲು ಹೊರಡಬೇಕಿತ್ತು. ಹೋದ ಸಲವೂ ಅದರ ಹಿಂದಿನ ಸಲವೂ ಅವನು ಕೈಕೊಟ್ಟಿದ್ದ. ಈ ಬಾರಿ ಬರದಿದ್ದರೆ ಬಿಟ್ಟೇ ಹೋಗುವುದಾಗಿ ಹೆಂಡತಿ ಹೇಳಿದ್ದಳು. ದನಿ ಏರಿಸದೆ ಹೇಳಿದ್ದರಿಂದ ಅವನಿಗೆ ಹೆದರಿಕೆ ಹೆಚ್ಚಾಗಿತ್ತು.

ಬೆಳಿಗ್ಗೆಯೇ ಎಲ್ಲ ಸಿದ್ಧಮಾಡಿ ಲೆಕ್ಕಕ್ಕೆ ಹಾಕಿದ. ಅರ್ಧದಾರಿಯಲ್ಲಿ ಎಡಗಡೆಯಿಂದ ‘ಅನುಭವಸ್ಥರು’ ಬಗ್ಗಿದರು. ಪ್ರತಿ ಮಾತನ್ನೂ “ನನ್ನ ಅನುಭವದಲ್ಲಿ” ಎಂದೇ ಶುರುಮಾಡುವ ಹಿರಿಯರವರು. ಅವರ ಅನುಭವದಲ್ಲಿ ಪೋರ್ಟು ಇನ್ನಷ್ಟು ಹಿಂದಕ್ಕಿರಬೇಕಿತ್ತು. ಗಡಿಬಿಡಿ ಹಿಂದಕ್ಕೆ ಸರಿಸಿ ಮತ್ತೆ ಶುರುಮಾಡಿದ. ಆಗ ಬಲಗಡೆಯಿಂದ ‘ಜಾಲಕ್ಕ’ ಎದ್ದುಬಂದರು. ಚಿತ್ರದ ಮೇಲೆ ಹರಡುವ ಲೆಕ್ಕದ ಜಾಲದಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಬಾಗಿಲ ಹತ್ತಿರ ಜಾಲದ ಕಣ್ಣು ತೀರಾ ದೊಡ್ಡದಾಯಿತೆಂದು ಸಣ್ಣದು ಮಾಡಿಸಿದರು. ಕಂಪ್ಯೂಟರು ಉಸಿರು ಬಿಡಲಾರದೆ ನಿಂತೇಹೋಯಿತು.

“ಅಲೆ ಬಿಡೋದನ್ನ ಸದ್ಯಕ್ಕೆ ನಿಲ್ಲಿಸಪ್ಪ. ಜಾಲ ಕೂರುತ್ತಾ ನೋಡು ಮೊದಲು,” ಎಂದರು ಜಾಲಕ್ಕ.

ಪರದೆಯಲ್ಲಿ ಪೋರ್ಟಿನ ಹೆಸರಿನೆದುರು ಇದ್ದ ಪುಟ್ಟ ಚೌಕದ ಗುರುತು ತೆಗೆದು ಅಲೆ ನಿಲ್ಲಿಸಿದ. ಜಾಲ ಕೂತಿತು. ಅಷ್ಟರಲ್ಲಿ ಹೆಂಡತಿಯ ಫೋನು. ಚಿಕ್ಕವನ ಚಪ್ಪಲಿ ಸಿಗುತ್ತಿಲ್ಲ, ಟಿಕೆಟ್ಟು ಯಾರ ಹತ್ತಿರವಿದೆ, ನೀವು ನಿಜವಾಗಿಯೂ ಬರುತ್ತೀರಾ? ಮೂರಕ್ಕೂ ಹೂಂಗುಟ್ಟುತ್ತಲೇ ಅವನು ಲೆಕ್ಕ ಶುರುಮಾಡುವ ಗುಂಡಿ ಒತ್ತಿದ. ಆಮೇಲೆ ಕುರ್ಚಿಯಲ್ಲಿ ಕೂರಲಾರದೆ ನೀರಿನ ಯಂತ್ರಕ್ಕೂ ಮೇಜಿಗೂ ಅಲೆದಾಡಿದ.

ನಾಲ್ಕರ ಹೊತ್ತಿಗೆ ಗ್ರಾಫು ಬಂತು. ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು. ಸೋರಿಕೆ ಸೊನ್ನೆ! ಅನುಭವಸ್ಥರು ಅದು ಪೋರ್ಟು ಸರಿಸಿದ ಫಲವೆಂದರು. ಜಾಲಕ್ಕ ಜಾಲದ ಮಹಿಮೆಯೆಂದರು. ಮ್ಯಾನೇಜರು ಇಂಥ ಬಾಗಿಲನ್ನು ತಾವು ಕಂಡೇ ಇಲ್ಲವೆಂದು ಹೇಳಿ, ನಿಂತಲ್ಲೇ ರಜೆಗೆ ಸಹಿ ಹಾಕಿದರು. ಅಂಥ ಬಾಗಿಲು ಭೂಮಿಯ ಮೇಲೆ ಇರಲು ಸಾಧ್ಯವೇ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಗಡಿಬಿಡಿಗೆ, ಅದೂ ಚೀಲ ಹೆಗಲಿಗೇರಿಸಿ ಫೈಲು ಮುಚ್ಚುವಾಗ. ಪೋರ್ಟಿನೆದುರಿನ ಚೌಕ ಖಾಲಿಯಿತ್ತು. ಅಲೆಯನ್ನೇ ಬಿಟ್ಟಿರಲಿಲ್ಲ. ನಲ್ಲಿ ತಿರುಗಿಸದೆ, ಕೊಡ ಸೋರುವುದಿಲ್ಲವೆಂದು ಸರ್ಟಿಫಿಕೇಟು ಕೊಟ್ಟಂತಾಗಿತ್ತು. ಸುಮ್ಮನೆ ಹೋಗಿಬಿಡಲೇ ಎಂದುಕೊಂಡು ಮೆಟ್ಟಿಲವರೆಗೂ ಹೋದ. ಆದರೆ ಆ ಒಲೆ ನಾಳೆ ಯಾರದೋ ಅಡುಗೆಮನೆ ಸೇರುತ್ತದೆ, ಅದರ ಮುಂದೆ ಮಕ್ಕಳು ಮೂಗೊತ್ತಿ ನಿಲ್ಲುತ್ತಾರೆ. ಹಿಂದಿರುಗಿ ಎಲ್ಲವನ್ನೂ ಒಪ್ಪಿಕೊಂಡ.

ಮ್ಯಾನೇಜರು ರಜೆಯ ಚೀಟಿ ವಾಪಸು ಪಡೆಯಲು ಕೈಚಾಚಿದರು.

ಚೌಕಕ್ಕೆ ಗುರುತು ಹಾಕಿ ಮತ್ತೆ ಲೆಕ್ಕ ಹಚ್ಚಿದ. ಗಡಿಯಾರ ನೋಡಿದ, ಪರದೆ ನೋಡಿದ, ಉಗುರು ಕಚ್ಚಿದ. ಆರು ಹೊಡೆದ ಸ್ವಲ್ಪ ಹೊತ್ತಿಗೆ ಗ್ರಾಫು ಮೂಡಿತು. ಅಲ್ಲಲ್ಲಿ ಚಿಕ್ಕ ಉಬ್ಬುಗಳು, ಅಷ್ಟೇ. ಎಲ್ಲವೂ ಮಿತಿಗಿಂತ ಎಷ್ಟೋ ಕೆಳಗೆ. ಬಾಗಿಲು ನಿಜಕ್ಕೂ ಚೆನ್ನಾಗಿತ್ತು. ಈಗ ಓಡಿದರೂ ರೈಲು ಸಿಗುತ್ತಿತ್ತು. ಅವನು ಕುಣಿಯುವುದೊಂದು ಬಾಕಿ ಎಂಬಂತೆ ಮ್ಯಾನೇಜರ ಮುಂದೆ ಹೋಗಿ ನಿಂತ.

ಅವರು ಗ್ರಾಫನ್ನು ನೋಡಿದರು, ಅವನನ್ನು ನೋಡಿದರು.

“ಮೊದಲು ಸೋರೋದೇ ಇಲ್ಲ ಅಂದ್ರಿ, ನಂಬಿದೆ. ಆಮೇಲೆ ಅಲೇನೇ ಬಿಟ್ಟಿರ್ಲಿಲ್ಲ ಅಂದ್ರಿ, ಅದನ್ನೂ ನಂಬಿದೆ. ಒಂದೇ ದಿನದಲ್ಲಿ ಮೂರನೇದನ್ನೂ ನಂಬು ಅಂದ್ರೆ ಹೇಗೆ?”

ಪೋರ್ಟಿನಿಂದ ಹಿಡಿದು ಜಾಲದವರೆಗೆ ಎಲ್ಲವನ್ನೂ ತಮ್ಮ ಇಬ್ಬರು ತಜ್ಞರ ಕಣ್ಣೆದುರಿಗೇ ಮೊದಲಿನಿಂದ ಮಾಡಬೇಕೆಂದು ಅಪ್ಪಣೆಯಾಯಿತು. ಅನುಭವಸ್ಥರು ಎಡಕ್ಕೂ ಜಾಲಕ್ಕ ಬಲಕ್ಕೂ ಕುರ್ಚಿ ಎಳೆದುಕೊಂಡು ಉತ್ಸಾಹದಿಂದ ಕೂತರು.

ಏಳಕ್ಕೆ ಫೋನು ಬಂತು. ಆ ಕಡೆ ರೈಲಿನ ಸದ್ದು.

“ಏನಾಯ್ತು, ಲೆಕ್ಕ ತಪ್ಪಾಯ್ತಾ?” ಎಂದಳು ಹೆಂಡತಿ.

“ಇಲ್ಲ ಕಣೇ, ಸರಿಯಾಗೇ ಬಂತು.”

“ಮತ್ತೆ ಯಾಕೆ ಬರ್ಲಿಲ್ಲ?”

“ಸರಿಯಾಗಿ ಬಂತಲ್ಲ,” ಎಂದ ಗಡಿಬಿಡಿ, “ಅದಕ್ಕೇ.”