ನಿಧಾನದ ರ‍್ಯಾಮು, ಅವಸರದ ಗಿರಾಕಿ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಬಿಡಿಭಾಗ ತಂದು ಜೋಡಿಸಿ ಕೊಡುವುದು, ಕೆಟ್ಟರೆ ಬಿಚ್ಚುವುದು. ಶಟರ್ ಎತ್ತಿದ ಮೇಲೆ ಯಾರಾದರೊಬ್ಬರು ನಗಿಸದೆ ದಿನ ಮುಗಿಯುತ್ತಿರಲಿಲ್ಲ. ಆದರೆ ನಗಿಸುವವರೆಲ್ಲ ಒಳಗೆ ಬರುವಾಗ ಸಿಟ್ಟಿನಲ್ಲೇ ಇರುತ್ತಿದ್ದರು. ಅವರು ರಸ್ತೆ ದಾಟುವ ತನಕ ನಾನು ನಗು ತಡೆದುಕೊಳ್ಳಬೇಕಿತ್ತು.

ಕಡಿಮೆ ಬಜೆಟ್ಟಿನವರಿಗೆ ನಾನು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತಿರಲಿಲ್ಲ. ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇರುವ ಅಗ್ಗದ ಮಾಡೆಲ್ ಕೊಡುತ್ತಿದ್ದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸ ಆ ಗ್ರಾಫಿಕ್ಸಿನದ್ದೇ. ತೊಂದರೆ ಏನೆಂದರೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಎಲ್ಲದಕ್ಕೂ ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ರ‍್ಯಾಮಿನ ಮುಂದೆ ಕೈಯೊಡ್ಡಬೇಕು. ರ‍್ಯಾಮ್ ನಿಧಾನವಾದರೆ ಗೇಮೂ ನಿಧಾನ. ಇಷ್ಟನ್ನು ಜನರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ತಲೆಕೂದಲು ಹೋಯಿತು.

ಹೊಸ ಬೈಗುಳ

ಮಾಜಿವಾಡಾದಲ್ಲಿ ವೆಜ್ ಹೋಟೆಲ್ ನಡೆಸುವ ನಮ್ಮ ಉಡುಪಿ ಕಡೆಯವರೊಬ್ಬರು, ಮಗನ ಕಂಪ್ಯೂಟರಿನಲ್ಲಿ ಗೇಮ್ ಕುಂಟುತ್ತದೆ ಎಂದು ಕರೆಸಿದರು.

"ಪ್ರೊಸೆಸರ್ ಚುರುಕು ಅಂತ ನೀವೇ ಹೇಳಿದ್ದಲ್ವಾ? ಮತ್ತೆಂತ ರೋಗ ಅದಕ್ಕೆ?"

ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ. "ನಿಮ್ಮ ಭಟ್ಟರು ಚುರುಕೇ. ಆದ್ರೆ ದೋಸೆಹಿಟ್ಟು ತಂದುಕೊಡುವವ ಒಬ್ಬನೇ, ಅವನೂ ಕಾಲೆಳ್ಕೊಂಡು ಬರ್ತಾನೆ ಅಂತಿಟ್ಕೊಳ್ಳಿ. ಭಟ್ಟರು ಸಟ್ಟುಗ ಹಿಡ್ಕೊಂಡು ನಿಲ್ಲುದಲ್ಲದೆ ಎಂತ ಮಾಡುದು? ಒಂದೇ ರ‍್ಯಾಮ್ ಇದ್ರೆ ಹಾಗೆ. ಅದಕ್ಕೆ ಸಿಂಗಲ್ ಚಾನೆಲ್ ಅಂತಾರೆ. ಜೋಡಿ ಹಾಕುವ."

ಅವರಿಗೆ ಪಟ್ಟನೆ ಹೊಳೆಯಿತು. ಜೋಡಿ ಹಾಕಿಸಿದರು, ಗೇಮ್ ಓಡಿತು.

ಕೆಲವು ದಿನ ಬಿಟ್ಟು ಅವರ ಹೋಟೆಲಿಗೆ ಕಾಫಿಗೆ ಹೋದೆ. ಗಲ್ಲಾದಲ್ಲಿ ಕೂತೇ ಅವರು ಸಪ್ಲೈಯರನ ಮೇಲೆ ಹರಿಹಾಯುತ್ತಿದ್ದರು. "ಏ ಸಿಂಗಲ್ ಚಾನೆಲ್! ಆ ಫ್ಯಾಮಿಲಿ ನೀರು ಕೇಳಿ ಎಷ್ಟೊತ್ತಾಯ್ತು!"

ಸಪ್ಲೈಯರ್ ನನಗೆ ನೀರು ತಂದಿಡುತ್ತಾ ಮೆಲ್ಲಗೆ ಕೇಳಿದ: "ಅಣ್ಣಾ, ಇದು ಯಾವ ಊರಿನ ಬೈಗುಳ?"

ಅರ್ಧ ಜಿಬಿ

ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಹುಬ್ಬಳ್ಳಿ ಕಡೆಯ ಸಾಹುಕಾರರೊಬ್ಬರು, ನಾನು ಕೊಟ್ಟ ಕಂಪ್ಯೂಟರನ್ನು ಟೆಂಪೋದಲ್ಲಿ ಹೇರಿಕೊಂಡೇ ಬಂದರು.

"ಏನ್ರೀ, ನಾಲ್ಕ್ ಜಿಬಿ ಅಂತ ಹೇಳಿ ಕೊಟ್ರಿ. ಇದು ನೋಡಿದ್ರ ಮೂರೂವರಿ ತೋರ್ಸಾಕತ್ತೈತಿ. ಅರ್ಧ ಎಲ್ಲಿ ಹೋತು?"

"ಅದನ್ನು ಗ್ರಾಫಿಕ್ಸ್ ಇಟ್ಟುಕೊಂಡಿದೆ, ಸಾಹುಕಾರ್ರೇ."

"ಯಾರಂವ ಗ್ರಾಫಿಕ್ಸ್? ನಿಮ್ಮ ಪಾರ್ಟ್ನರ್ ಏನು? ಕರೀರಿ ಅವನ್ನ ಹೊರಗ!"

ಕೂರಿಸಿ ಚಹಾ ತರಿಸಿದೆ. ಚಿತ್ರ ಮೂಡಿಸಲಿಕ್ಕೆ ಆ ಯಂತ್ರವೇ ಒಂದು ಪಾಲು ಮೆಮೊರಿ ತೆಗೆದಿಡುತ್ತದೆ, ಯಾರೂ ಕದ್ದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ತಣ್ಣಗಾದರು.

"ಹಂಗನ್ರಿ. ಉಳ್ಳಾಗಡ್ಡಿ ಚೀಲದಾಗೂ ತೂಕ ಕಮ್ಮಿ ಬರ್ತೈತಿ. ಒಣಗಿ ಇಳದೈತಿ ಅಂತ ನಾವೂ ಗಿರಾಕಿಗೆ ಹೇಳ್ತೀವಿ."

ಬಾಗಿಲವರೆಗೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. "ನಾವು ಹೇಳೂದು ಸುಳ್ಳು. ನಿಮ್ದೂ ಹಂಗೇನು?"

ಜೋಡಿ

ಕಲ್ಯಾಣದಿಂದ ಗಂಡ ಹೆಂಡತಿ ಬಂದಿದ್ದರು. ಹಳೆಯ ನಿಧಾನದ ರ‍್ಯಾಮಿನ ಪಕ್ಕದಲ್ಲೇ ಹೊಸ ವೇಗದ ರ‍್ಯಾಮ್ ಒಂದನ್ನು ಕೂರಿಸಿಬಿಡಿ ಎಂದು ಗಂಡನ ಹಟ.

"ಕೂರಿಸಬಹುದು," ಎಂದೆ, "ಆದ್ರೆ ನಿಧಾನದ್ದರ ಜೊತೆ ಸೇರಿದ್ರೆ ವೇಗದ್ದೂ ಅದರ ನಡಿಗೆಗೇ ಇಳೀತದೆ."

ಅಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದ ಹೆಂಡತಿ ತಲೆಯೆತ್ತಿದರು. "ಅದು ನನಗೆ ಮದುವೆಯಾದಾಗಿಂದ ಗೊತ್ತುಂಟು. ಮುಂದಿನದ್ದು ಹೇಳಿ."

ಮಾವನ ಸಿಕ್ಸರ್

ಅಂಗಡಿಯ ಹಿಂದಿನ ಬಿಲ್ಡಿಂಗಿನಲ್ಲಿ ಒಬ್ಬ ಮಾವ, ಒಬ್ಬ ಅಳಿಯ. ಮಾವ ಅಂಬರನಾಥದ ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾದವರು. ಅಳಿಯ ನನ್ನಿಂದ ಅತಿ ಅಗ್ಗದ ಕಂಪ್ಯೂಟರ್ ಒಯ್ದು ಅದಕ್ಕೆ ಕ್ರಿಕೆಟ್ ಗೇಮ್ ಹಾಕಿದ್ದ. ರ‍್ಯಾಮ್ ಎಷ್ಟು ನಿಧಾನವೆಂದರೆ, ಬೌಲರ್ ಎಸೆದ ಬಾಲ್ ಗಾಳಿಯಲ್ಲಿ ತೇಲಿಕೊಂಡು ಬರುತ್ತಿತ್ತು. ಅಳಿಯ ಅವಸರದ ಮನುಷ್ಯ, ಬಾಲ್ ಬರುವ ಮೊದಲೇ ಬ್ಯಾಟ್ ಬೀಸಿ ಔಟ್. ಮಾವ ಕನ್ನಡಕ ಒರೆಸಿ, ಏರಿಸಿಕೊಂಡು, ಆಮೇಲೆ ಬಟನ್ ಒತ್ತುತ್ತಿದ್ದರು. ಸಿಕ್ಸರ್!

ದಿನಾ ಸಂಜೆ ಅಳಿಯನನ್ನು ಸೋಲಿಸಿ ಮಾವ ಕೆಳಗಿಳಿಯುತ್ತಿದ್ದರು. ಭಾರತದ ಟೀಮ್ ಎಲ್ಲಿ ತಪ್ಪುತ್ತಿದೆ ಎಂದು ಬಿಲ್ಡಿಂಗಿಗೆಲ್ಲ ಹೇಳಿಕೊಡುತ್ತಿದ್ದರು. "ಬಾಲ್ ನೋಡಿ ಆಡ್ಬೇಕು. ಅದರಲ್ಲಿ ಎಂತ ಕಷ್ಟ ಉಂಟು?"

ಅಳಿಯನಿಗೆ ತಲೆಯೆತ್ತಿ ನಡೆಯುವ ಹಾಗಿಲ್ಲ. ಗುಟ್ಟಾಗಿ ಕಂಪ್ಯೂಟರ್ ತಂದ. ನಾನು ಹಳೆಯ ರ‍್ಯಾಮ್ ಕಿತ್ತು ವೇಗದ ಜೋಡಿ ಹಾಕಿದೆ.

ಆ ಭಾನುವಾರ ಮಾವ ಆಟ ತೋರಿಸಲಿಕ್ಕೆ ನೆರೆಹೊರೆಯವರನ್ನೆಲ್ಲ ಕರೆದಿದ್ದರಂತೆ. ಕನ್ನಡಕಕ್ಕೆ ಕೈ ಹಾಕುವಷ್ಟರಲ್ಲಿ ಸ್ಟಂಪ್ ಹಾರಿತು. ಇನ್ನೊಂದು ಬಾಲ್, ಇನ್ನೊಂದು ಸ್ಟಂಪ್. ಮಗಳು ಚಹಾ ಸೋಸುವ ಮೊದಲೇ ಟೀಮ್ ಆಲ್ ಔಟ್. ಬಂದವರು ಸಮಾಧಾನ ಹೇಳಿ ಹೋದರು, ಯಾರೋ ತೀರಿಕೊಂಡ ಮನೆಯಿಂದ ಎದ್ದು ಹೋಗುವ ಹಾಗೆ.

ಮರುದಿನ ಮಾವ ನನ್ನ ಕೌಂಟರಿನ ಮುಂದೆ. "ಪಿಚ್ ಹಾಳು ಮಾಡಿದ್ದು ಯಾರು?"

"ಪಿಚ್ ಅಲ್ಲ ಮಾವ, ರ‍್ಯಾಮ್."

"ಎಂತದೂ ಆಗ್ಲಿ. ಮೊದಲು ಹೇಗಿತ್ತೋ ಹಾಗೆ ಮಾಡಿ."

ಸಂಜೆ ಅವರ ಮನೆಗೆ ಹೋಗಿ ಹಳೆಯ ರ‍್ಯಾಮನ್ನೇ ಹಾಕಿ ಬಂದೆ. ವಾರ ಕಳೆಯುವ ಮೊದಲೇ ಮಾವ ಮತ್ತೆ ಹಾಜರು. ಮುಖದಲ್ಲಿ ಕಳೆ ಇಲ್ಲ.

"ಬ್ಯಾಟಿಂಗ್ ಸರಿ ಆಗ್ಲಿಲ್ವಾ ಮಾವ?"

"ಬ್ಯಾಟಿಂಗ್ ಭರ್ಜರಿ. ಆದ್ರೆ ನಮ್ಮ ಅಳಿಯ ಮಾಣಿಯೂ ಈಗ ಕಾಯ್ಲಿಕ್ಕೆ ಕಲ್ತಿದ್ದಾನೆ. ನನ್ನ ಬೌಲಿಂಗಿಗೆ ಸಿಕ್ಸರ್ ಮೇಲೆ ಸಿಕ್ಸರ್!" ಸುತ್ತಮುತ್ತ ನೋಡಿ, ಕೌಂಟರಿನ ಮೇಲೆ ಬಾಗಿ ಕೇಳಿದರು: "ನಾನು ಬ್ಯಾಟ್ ಹಿಡಿದಾಗ ಹಳೇ ರ‍್ಯಾಮ್, ಅವ ಹಿಡಿದಾಗ ಹೊಸದು. ಟೇಬಲಿನ ಅಡಿಯಲ್ಲಿ ಅವನಿಗೆ ಕಾಣದ ಹಾಗೆ ಒಂದು ಸ್ವಿಚ್ ಇಟ್ಟು ಕೊಡ್ತೀರಾ?"